ಎಪ್ಪತ್ತು ಕಿಲೋದ ಬ್ರಾ

ತೂಕ ಹೇಳಿದರೆ ಬ್ರಾ ಕಳಿಸುತ್ತಾರಂತೆ! ತಹಾನಿಯ ಸಿಟ್ಟು ಶುರುವಾದದ್ದೇ ಅಲ್ಲಿಂದ. ಆಲೂಗಡ್ಡೆಗೆ ತೂಕ ಕೇಳಲಿ, ಬಕ್ರೀದಿನ ಕುರಿಗೆ ಕೇಳಲಿ, ಯಾರು ಬೇಡ ಎನ್ನುತ್ತಾರೆ? ಆದರೆ ಮೊಬೈಲಿನಲ್ಲಿ ಕುಣಿತದ ಬಟ್ಟೆ ಮಾರುವ ಕೈರೋದ ಅಂಗಡಿಗಳೆಲ್ಲ ಹೀಗೇ. ಎದೆಯ ಸುತ್ತಳತೆ ಬೇಡ, ಸೊಂಟದ್ದು ಬೇಡ, "ಎಷ್ಟು ಕಿಲೋ, ಮೇಡಂ?" ಎಂಬ ಒಂದೇ ಪ್ರಶ್ನೆ. ಕುಣಿಯುವವಳು ಕುಳ್ಳಿಯೋ ಉದ್ದಕ್ಕಿದ್ದಾಳೋ, ಮಾಂಸ ಮೇಲಿದೆಯೋ ಕೆಳಗಿದೆಯೋ, ಅವರಿಗೆ ಬೇಕಿಲ್ಲ.

ಹಳೇ ಪೇಟೆಗೆ ಹೋಗಿ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ನೃತ್ಯದ ಉಡುಪು ಮಾರುವವರೆಲ್ಲ ಗಂಡಸರು. ಹಿಂದೊಮ್ಮೆ ತಹಾನಿ ಬೀದಿಯ ಆಚೆ ಬದಿಯಲ್ಲಿದ್ದಾಗಲೇ ಅಂಗಡಿಯವನು ಕಣ್ಣಲ್ಲೇ ಅಳೆದು, "ಅಟ್ಟದ ಮೇಲಿನ ದೊಡ್ಡ ಡಬ್ಬ ಇಳಿಸ್ರೋ!" ಎಂದು ಒಳಗೆ ಕೂಗಿದ್ದ. ಬೀದಿಗೆ ಬೀದಿಯೇ ತಿರುಗಿ ನೋಡಿತ್ತು. ಅಂದಿನಿಂದ ಆ ಪೇಟೆಯ ಹೆಸರೆತ್ತಿದರೆ ಅವಳ ಮೈ ಉರಿಯುತ್ತದೆ.

ಉಡುಪು ಬೇಕಾದದ್ದು ನಾದಿನಿಯ ಮಗಳು ರಗ್ದಾಳ ಗೋರಂಟಿ ಹಚ್ಚುವ ಸಂಜೆಗೆ. ಬರೀ ಹೆಂಗಸರ ಕೂಟ, ದರ್ಬುಕಾ ಡೋಲು ಬಾರಿಸುವವಳೂ ಹೆಂಗಸೇ. ಒಂದು ಕಾಲದಲ್ಲಿ ಇಂಥ ಕೂಟಗಳಲ್ಲಿ ತಹಾನಿ ಸೊಂಟಕ್ಕೆ ವಸ್ತ್ರ ಬಿಗಿದಳೆಂದರೆ ಉಳಿದವರು ತೆಪ್ಪಗೆ ಕೂತುಬಿಡುತ್ತಿದ್ದರು. ಆದರೆ ಕಳೆದ ಮದುವೆಯಲ್ಲಿ ಅವಳ ವಾರಗಿತ್ತಿ ಸೌಸನ್ (ಮೈದುನನ ಹೆಂಡತಿ, ಅದೇ ಕಟ್ಟಡದಲ್ಲಿ ಸರಿಯಾಗಿ ಕೆಳಗಿನ ಮನೆ) ಎದ್ದು ಕುಣಿದಳು. ಹೆಂಗಸರೆಲ್ಲ ನಾಲಿಗೆ ಆಡಿಸಿ ಉಲುಲುಲು ಎಂದು ಛಾವಣಿ ಹಾರಿಸಿದರು. ಅಷ್ಟಾಗಿದ್ದರೆ ತಹಾನಿ ನುಂಗಿಕೊಳ್ಳುತ್ತಿದ್ದಳೇನೋ. ಅತ್ತೆ ಎಲ್ಲರೆದುರಿಗೆ ಅವಳ ಕೈಹಿಡಿದು, "ಮಗಳೇ, ಇನ್ಮೇಲೆ ನೀನು ಶರಬತ್ತಿನ ತಟ್ಟೆ ಹಿಡ್ಕೋ" ಎಂದುಬಿಟ್ಟರು. ಆ ಮನೆತನದಲ್ಲಿ ಶರಬತ್ತಿನ ತಟ್ಟೆ ಹಿಡಿಯುವುದೆಂದರೆ ಕುಣಿತದಿಂದ ನಿವೃತ್ತಿ. ಅದು ಕೈಗೆ ಬಂದ ಮೇಲೆ ವಾಪಸ್ ಕೊಟ್ಟವರನ್ನು ಯಾರೂ ಕಂಡಿಲ್ಲ.

ಹಾಗಾಗಿ ಈ ಸಲ ಬರೀ ವಸ್ತ್ರ ಬಿಗಿದರೆ ಸಾಲದು, ಮಣಿ ಜರಿ ಎಲ್ಲ ಇರುವ ಪೂರ್ತಿ ಉಡುಪೇ ಬೇಕೆಂದು ಅವಳು ನಿರ್ಧರಿಸಿದಳು. ರಗ್ದಾಳೇ 'ಮುತ್ತಿನ ಪೆಟ್ಟಿಗೆ' ಎಂಬ ಮೊಬೈಲ್ ಅಂಗಡಿಯೊಂದನ್ನು ತೋರಿಸಿಕೊಟ್ಟಳು. ಎಷ್ಟು ಕಿಲೋ ಎಂದು ಅದು ಕೇಳಿತು. ತಹಾನಿ ಎಪ್ಪತ್ತು ಎಂದು ಒತ್ತಿದಳು. ಅದು ಸುಳ್ಳೇನೂ ಅಲ್ಲ. ಮದುವೆಯಾದ ಹೊಸತರಲ್ಲಿ ಎಪ್ಪತ್ತೇ ಇದ್ದಳು. ಯಾವ ವರ್ಷದ ತೂಕ ಎಂದು ಅವರು ಕೇಳಿರಲಿಲ್ಲವಲ್ಲ!

ಪೊಟ್ಟಣ ಬಂತು. ಬಾಗಿಲಲ್ಲೇ ಬಿಚ್ಚಿ ನೋಡಿ ಹಣ ಕೊಡಬಹುದು, ಆದರೆ ತೊಟ್ಟು ನೋಡುವಂತಿಲ್ಲ ಎಂಬುದು ಈ ವ್ಯಾಪಾರದ ಕಟ್ಟಳೆ. ಪರ ಗಂಡಸಿನ ಮುಂದೆ ಬ್ರಾ ಎತ್ತಿ ಹಿಡಿದು ನೋಡುವುದುಂಟೇ? ತಹಾನಿ ಗಂಡ ಲಬೀಬನನ್ನು ಬಾಗಿಲಿಗೆ ಅಟ್ಟಿ, ತಾನು ಅಡುಗೆಮನೆಯಲ್ಲಿ ನಿಂತಳು. ಪೊಟ್ಟಣ ತಂದ ದಡಿಯ ಗೋಡೆಗೆ ಒರಗಿ ಕಾಯುತ್ತಿದ್ದ. ಲಬೀಬ್ ಕನ್ನಡಕ ಏರಿಸಿ ಸದರಿ ವಕ್ಷಕವಚವನ್ನು ಮೆಟ್ಟಿಲ ಬೆಳಕಿಗೆ ಹಿಡಿದ.

"ಏನ್ ಕಾಣ್ತಿದೆ, ಅಬು ಹಿಶಾಮ್?" ಎಂದು ಒಳಗಿನಿಂದ ಕೂಗಿದಳು. (ಹಿಶಾಮ್ ಅವರ ಮಗ, ಅಬು ಎಂದರೆ ಅಪ್ಪ. ಗಂಡನ ಹೆಸರು ಹಿಡಿದು ಕರೆಯುವ ಹೆಂಗಸಲ್ಲ ತಹಾನಿ.)

"ಹೊಳೀತಿದೆ."

"ಹೊಳೆಯೋದು ಹಾಳಾಗ್ಲಿ, ಅಳತೆ ನೋಡ್ರೀ!"

ಲಬೀಬ್ ಬಹಳ ಹೊತ್ತು ಯೋಚಿಸಿದ. "ಎರಡಿವೆ. ಸರಿಯಾಗೇ ಇದೆ ಅನ್ಸುತ್ತೆ."

ಹಣ ಕೊಟ್ಟು ಕಳಿಸಿಯೂ ಬಿಟ್ಟ. ತೊಟ್ಟು ನೋಡಿದರೆ ಎರಡು ಕಾಫಿ ಲೋಟ! ಬೆನ್ನ ಹಿಂದಿನ ಕೊಕ್ಕೆಗೂ ಕುಣಿಕೆಗೂ ಮುಖ ನೋಡಿಯೇ ಗೊತ್ತಿಲ್ಲದಷ್ಟು ದೂರ. ಲಬೀಬ್ ಮಂಚಕ್ಕೆ ಕಾಲು ಕೊಟ್ಟು ಎಳೆದ.

"ಉಸಿರು ಬಿಡು."

"ಬಿಟ್ಟಿದೀನಿ. ಇನ್ನು ಪ್ರಾಣ ಒಂದೇ ಬಾಕಿ."

"ಮತ್ತೆ ನಿಂಗೆ ಎಷ್ಟು ಕಿಲೋ ಅಂತ..."

"ನೀವು ಮಾತಾಡ್ಬೇಡಿ! ಎರಡಿವೆಯಂತೆ, ಎರಡು! ಮೂರು ಇರತ್ತೇನ್ರೀ ಲೋಕದಲ್ಲಿ?"

ತಹಾನಿ ಅಂಗಡಿಯವಳಿಗೆ ಬೆಂಕಿ ಕಾರಿದಳು. ಬರಹದಲ್ಲಿ ಸಿಟ್ಟು ಪೂರ್ತಿ ಹಿಡಿಯದೆಂದು ದನಿಯಲ್ಲೇ ಬೈದು ಕಳಿಸಿದಳು. ಅತ್ತ ಕಡೆಯಿಂದ ಮಾತ್ರ ಎಂದೂ ದನಿ ಬರುತ್ತಿರಲಿಲ್ಲ, ಬೆಣ್ಣೆಯಂಥ ಬರಹವೇ ಬರುತ್ತಿತ್ತು. "ಕ್ಷಮಿಸಿ ಅಕ್ಕಾ. ಎಪ್ಪತ್ತು ಕಿಲೋ ಖಂಡಿತಾನಾ?" ಎಂದಿತ್ತು. ತಹಾನಿ ಹಲ್ಲು ಕಡಿದಳು. ಕೊನೆಗೆ, "ಎಂಬತ್ತೈದು ಅಂತ ಬರ್ಕೋ" ಎಂದಳು. (ಅದೂ ಸ್ವಲ್ಪ ಹಳೆಯ ಲೆಕ್ಕವೇ.)

ಎರಡನೇ ಉಡುಪು ಬಂತು. ಸೊಂಟಪಟ್ಟಿ ಹೇಳಿ ಮಾಡಿಸಿದ ಹಾಗಿತ್ತು. ಬ್ರಾ ಎಂಬುದು ಮಾತ್ರ ಜೋಡಿ ಹಂಡೆ. ಒಂದರಲ್ಲಿ ನಾಳಿನ ಅವರೆಕಾಳು ನೆನೆಹಾಕಿ ಇನ್ನೊಂದರಲ್ಲಿ ನಾಡಿದ್ದಿನದು ನೆನೆಹಾಕಬಹುದಿತ್ತು. ಆ ದಡಿಯನೇ ಮತ್ತೆ ಬಂದಿದ್ದ. "ಹಾಜಿಗಳೇ, ಮಳೆ ಬಂದ್ರೆ ತಲೆಗೂ ಆಗತ್ತೆ ಬಿಡಿ" ಎಂದು ಲಬೀಬನನ್ನು ಸಮಾಧಾನ ಮಾಡಿ ಹೋದ.

ಮನೆಯೊಳಗೆ ಇಷ್ಟು ಉರಿ ಎದ್ದಿರುವಾಗ ಕೆಳಗಿನ ಮನೆಯಿಂದ ಟಕಟಕಟಕ ಎಂದು ಸೌಸನ್‌ಳ ಹೊಲಿಗೆ ಯಂತ್ರ ಬೇರೆ. ತಹಾನಿ ಬೆಳ್ಳುಳ್ಳಿ ಜಜ್ಜುವ ಹಿತ್ತಾಳೆ ಗುಂಡಿನಿಂದ ನೆಲ ಗುದ್ದಿದಳು.

"ಪರದೆ ಹೊಲೀತಾಳಂತೆ, ಪರದೆ! ಇರೋದು ಎರಡು ಕಿಟಕಿ. ರಂಜಾನಿಗೆ ಮುಂಚೆ ಶುರು ಮಾಡಿದ್ದು ಇನ್ನೂ ಮುಗಿದಿಲ್ಲ!"

"ಕಿಟಕಿ ದೊಡ್ಡದಿರ್ಬಹುದು" ಎಂದ ಲಬೀಬ್. ಅವಳು ನೋಡಿದ ನೋಟಕ್ಕೆ ಪಕ್ಕದ ಕೋಣೆಗೆ ಎದ್ದು ಹೋದ.

ಆಗ ತಹಾನಿ ಮೊಬೈಲು ಬಾಯಿಗೆ ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. "ಎಷ್ಟು ಕಿಲೋ, ಎಷ್ಟು ಕಿಲೋ ಅಂತೀಯಲ್ಲ, ಆ ಕಿಲೋ ಎಲ್ಲಿದೆ ಅಂತ ಒಂದು ದಿನ ಕೇಳಿದ್ಯಾ? ಕೇಳ್ಕೋ! ತೊಂಬತ್ತಾರು ಇದೀನಿ. ಸೊಂಟದಿಂದ ಕೆಳಗೆ ನಾನು ಸುಲ್ತಾನನ ಅರಮನೆ, ಮೇಲೆ ಬಾಡಿಗೆ ಕೋಣೆ! ನಾಡಿದ್ದು ಗೋರಂಟಿ. ಅವತ್ತು ನಾನು ಕುಣೀದೇ ಇದ್ರೆ ಸಾಯೋತನಕ ಶರಬತ್ತು ಹಂಚ್ಕೊಂಡಿರ್ಬೇಕು. ನನ್ನ ವಾರಗಿತ್ತಿ ಅಂತ ಒಬ್ಬಳಿದಾಳೆ, ಅವಳ ಮುಂದೆ!"

ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಸಿಟ್ಟಿನ ತಳದಲ್ಲಿ ಇದ್ದದ್ದು ಅದೇ. ನಲವತ್ತೆಂಟಕ್ಕೆ ತಟ್ಟೆ ಹಿಡಿಯಲು ಅವಳಿಗೆ ಮನಸ್ಸಿರಲಿಲ್ಲ.

ಅತ್ತ ಕಡೆಯವಳು ಬರೆದಳು: "ಅಯ್ಯೋ ಪಾಪ. ಅಂಥವಳಾ ನಿಮ್ಮ ವಾರಗಿತ್ತಿ? ಹೇಗೆ ಕುಣೀತಾಳೆ?"

ಲೋಕದಲ್ಲಿ ತನ್ನ ಸಂಕಟ ಕೇಳುವ ಒಂದು ಜೀವವಾದರೂ ಇದೆಯಲ್ಲ ಎಂದು ತಹಾನಿಗೆ ಹಿತವಾಯಿತು. ಧಾರಾಳವಾಗಿ ವರ್ಣಿಸಿದಳು. "ತುಂಬಿದ ಬಸ್ಸಲ್ಲಿ ಜಾಗ ಮಾಡ್ಕೊಳ್ಳೋಳ ಥರ ಕುಣೀತಾಳೆ. ಎಡಕ್ಕೊಂದು ಸೊಂಟ, ಬಲಕ್ಕೊಂದು ಮೊಣಕೈ. ನೋಡಿದೋರು ಟಿಕೆಟ್ ತೆಗೀಬೇಕು ಅನ್ಸುತ್ತೆ!"

"ಭಲೇ! ತೂಕದ ಮಾತು ಬಿಟ್ಬಿಡಿ ಅಕ್ಕಾ. ನಾನೇ ಕೂತು ಹೊಲೀತೀನಿ."

"ಅಳತೆ ಕಳಿಸ್ಲಾ?"

"ಬೇಡ. ನಿಮ್ಮ ಅಳತೆ ಕಣ್ಣಿಗೆ ಕಟ್ಟಿದ ಹಾಗಿದೆ."

ಮಾತಿನಲ್ಲೇ ಮೈ ಕಟ್ಟಿಕೊಟ್ಟ ತನ್ನ ವಾಕ್ಚಾತುರ್ಯಕ್ಕೆ ತಹಾನಿ ತಾನೇ ಮೆಚ್ಚಿದಳು.

ಗೋರಂಟಿಯ ಹಿಂದಿನ ದಿನ ಮಧ್ಯಾಹ್ನವಾದರೂ ಪೊಟ್ಟಣದ ಸುಳಿವಿಲ್ಲ. "ಎಲ್ಲಿ ನನ್ನ ಬ್ರಾ?" ಎಂದು ಕೇಳಿದರೆ, "ಇಗೋ, ಯಂತ್ರದ ಮೇಲೇ ಇದೆ" ಎಂಬ ಉತ್ತರ. ಕಾಯುವವಳಿಗೆ ಕೆಳಗಿನ ಟಕಟಕ ತಲೆಯೊಳಗೇ ಹೊಲಿದಂತಾಯಿತು. ತಹಾನಿ ಹಿತ್ತಾಳೆ ಗುಂಡು ತಂದು, ನೆಲಹಾಸು ಸರಿಸಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ದಡ್ ದಡ್ ದಡ್ ಎಂದು ಗುದ್ದಿದಳು.

ಯಂತ್ರ ನಿಂತಿತು. ಮೊಬೈಲು ಟಿಣ್ ಎಂದಿತು.

"ನೆಲ ಗುದ್ದಬೇಡಿ ಅಕ್ಕಾ, ಸೂಜಿ ಹಾರ್ತಿದೆ. ಎಡಗಡೆ ಬಟ್ಟಲು ಸೊಟ್ಟ ಆದ್ರೆ ಆಮೇಲೆ ನನ್ನ ಬೈಬೇಡಿ."

ತಹಾನಿ ಓದಿದಳು. ಮತ್ತೆ ಓದಿದಳು. ಗುಂಡಿನಿಂದ ಮೆಲ್ಲಗೆ ಒಮ್ಮೆ ನೆಲ ತಟ್ಟಿದಳು. ಕೆಳಗಿನಿಂದ ಪೊರಕೆ ಹಿಡಿಯಲ್ಲಿ ಯಾರೋ ಮೆಲ್ಲಗೆ ಒಮ್ಮೆ ಛಾವಣಿ ತಟ್ಟಿದರು.

"ಅಬು ಹಿಶಾಮ್!" ಎಂಬ ಕೂಗಿಗೆ ಲಬೀಬ್ ಓಡಿ ಬಂದ. ವಿಷಯ ತಿಳಿದು ಬಹಳ ಹೊತ್ತು ಯೋಚಿಸಿದ. "ಹಾಗಾದ್ರೆ ಆ ಬ್ರಾ ಕೆಳಗಿನ ಮನೆಯಿಂದ ಹೊರಟು, ಊರಾಚೆ ಗೋದಾಮಿಗೆ ಹೋಗಿ, ಕೈರೋ ಎಲ್ಲ ಸುತ್ತಿ, ಒಂದು ಮಹಡಿ ಹತ್ತಿ ಬಂತು ಅಂತಾಯ್ತು."

"ಬಾಯ್ಮುಚ್ಚಿ! ಈಗ್ಲೇ ಹೋಗಿ ಅವಳ ಗಂಡನಿಗೆ ಹೇಳ್ತೀನಿ. ಅಂಥಾ ದೈವಭಕ್ತನ ಮನೇಲಿ ಕೂತು ಕುಣಿಯೋ ಬ್ರಾ ಮಾರ್ತಾಳೆ ಅಂತ!"

"ಹೇಳು. ಅವಳು ನಿನ್ನ ದನಿ ಎಲ್ರಿಗೂ ಕೇಳಿಸ್ತಾಳೆ. ಅರಮನೆ, ಬಾಡಿಗೆ ಕೋಣೆ, ಎಲ್ಲಾ."

ಹುಟ್ಟಿದಂದಿನಿಂದ ಲಬೀಬ್ ಆಡಿದ ಸರಿಯಾದ ಮಾತು ಅದೊಂದೇ ಇರಬೇಕು. ಅದಕ್ಕೇ ತಹಾನಿ ಅವನನ್ನು ಆ ದಿನವಿಡೀ ಕ್ಷಮಿಸಲಿಲ್ಲ.

ಕೆಳಗಿಳಿದು ಬೇಡುವುದಂತೂ ಸಾಧ್ಯವಿರಲಿಲ್ಲ. ಸಂಜೆ ಅವಳು ಬಾಲ್ಕನಿಗೆ ಬಂದು, ತರಕಾರಿ ಎತ್ತುವ ಹಗ್ಗದ ಬುಟ್ಟಿಯನ್ನು ಬೀದಿಯ ಕಡೆ ನೋಡುತ್ತಲೇ ಕೆಳಗೆ ಬಿಟ್ಟಳು. ಬುಟ್ಟಿ ಒಂದು ಮಹಡಿ ಇಳಿದು ನಿಂತಿತು. ಹಗ್ಗ ಭಾರವಾಯಿತು. ಯಾರ ಮುಖವನ್ನೂ ಯಾರೂ ನೋಡಲಿಲ್ಲ.

ಬ್ರಾ ಸರಿಹೋಯಿತು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ, ಕೊಕ್ಕೆ ತಾನಾಗಿ ಕುಣಿಕೆಗೆ ಬಿತ್ತು. ಬದುಕಿನಲ್ಲಿ ಮೊದಲ ಬಾರಿ ಸರಿಯಾದ ಬ್ರಾ ತೊಟ್ಟ ತಹಾನಿ ಕನ್ನಡಿಯ ಮುಂದೆ ನಿಂತು ಸಿಟ್ಟಿನಿಂದ ನಡುಗಿದಳು. ಒಂದು ಕಡೆಯಾದರೂ ಸೊಟ್ಟ ಇದ್ದಿದ್ದರೆ ಎಷ್ಟು ನೆಮ್ಮದಿಯಿರುತ್ತಿತ್ತು!

ಮರುದಿನ ಅವಳು ಕುಣಿದಳು. ಸಿಟ್ಟೆಲ್ಲ ಸೊಂಟಕ್ಕಿಳಿದಿತ್ತು. ದರ್ಬುಕಾದವಳು ಬೆವರಿದಳು, ಮಣಿಗಳು ಝಣಝಣ ಎಂದವು, ಉಲುಲುಲು ಬೀದಿಯ ಕೊನೆಗೆ ಕೇಳಿತು. ಅತ್ತೆಯೇ ಎದ್ದು ಬಂದು, "ಶರಬತ್ತಿನ ತಟ್ಟೆ ಬೇರೆ ಯಾರಿಗಾದ್ರೂ ಕೊಡ್ರೇ!" ಎಂದರು. ತಹಾನಿಯ ಎದೆ ಉಬ್ಬಿತು. ಉಬ್ಬಿದರೂ ಬ್ರಾ ಸರಿಯಾಗೇ ಕೂತಿತ್ತು.

"ಎಷ್ಟು ಚೆನ್ನಾಗಿ ಕೂತಿದೆ ಉಡುಪು! ಯಾರು ಹೊಲಿದಿದ್ದಮ್ಮಾ?" ಎಂದು ಅತ್ತೆ ಕೇಳಿದರು.

ಆಗ ಮೂಲೆಯಿಂದ ಸೌಸನ್ ಎದ್ದಳು. ಸೊಂಟಕ್ಕೆ ವಸ್ತ್ರ ಬಿಗಿದು ನಿಧಾನವಾಗಿ ನಡುಮನೆಗೆ ಬಂದಳು. ಎಡಕ್ಕೊಂದು ಸೊಂಟ ಹಾಕಿದಳು, ಬಲಕ್ಕೊಂದು ಮೊಣಕೈ ಹಾಕಿದಳು. ತಹಾನಿಗೆ ಎರಡೂ ಕೈ ಚಾಚಿ ಎಲ್ಲರಿಗೂ ಕೇಳುವಂತೆ ಕರೆದಳು.

"ಬನ್ನಿ ಅಕ್ಕಾ, ಬನ್ನಿ. ಬಸ್ಸಲ್ಲಿ ಇನ್ನೂ ಜಾಗ ಇದೆ. ಎಪ್ಪತ್ತು ಕಿಲೋ ತಾನೆ, ಆರಾಮಾಗಿ ಹಿಡಿಯುತ್ತೆ!"

ಯಾಕೆಂದು ತಿಳಿಯದಿದ್ದರೂ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ಬೆನ್ನಿನ ಕೊಕ್ಕೆ ಹೊಲಿದ ಕೈ ಆಗಲೇ ತಹಾನಿಯ ಬೆನ್ನ ಮೇಲೆ ಬಂದು ಕೂತಿತ್ತು. ಯಾವ ದಾರ ಎಳೆದರೆ ಏನು ಬಿಚ್ಚುತ್ತದೆ ಎಂಬುದು ಆ ಕೈಗೊಂದಕ್ಕೇ ಗೊತ್ತು. ತಹಾನಿ ಹಲ್ಲು ಕಿರಿದು ನಕ್ಕು, ಎಡಕ್ಕೆ ಸರಿದು ವಾರಗಿತ್ತಿಗೆ ಜಾಗ ಬಿಟ್ಟಳು.