ಬೋಗುಣಿಯ ಬರ್ಫು

ಎಲ್ಲ ರಾಡಿಗೂ ಕಾರಣ ಒಂದು ಬರ್ಫಿನ ಗಡ್ಡೆ.

ಸತ್ತಿ ಊರಿನ ವಿಶ್ವಾಸ ಅದನ್ನು ಬೆಳಿಗ್ಗೆಯೇ ಐಸ್ ಅಂಗಡಿಯಿಂದ ತಂದು, ಬಚ್ಚಲಿನ ಬೋಗುಣಿಯ ನೀರಲ್ಲಿ ಬಿಟ್ಟು, ಮೇಲೊಂದು ತಾಟು ಮುಚ್ಚಿಟ್ಟಿದ್ದ. ಶರಬತ್ತಿಗಲ್ಲ, ತನ್ನ ಮುಖಕ್ಕೆ. ಅವನು ಮೆಚ್ಚಿದ ಹುಡುಗಿ ಮಯೂರಿಯ ಅಪ್ಪ ರಾವಸಾಹೇಬರು ರಾಯಬಾಗ ಕಡೆಯಿಂದ ಇವತ್ತು ಹುಡುಗನ ಮನೆ ನೋಡಲು ಬರುವವರಿದ್ದರು.

ವಿಶ್ವಾಸನದು ಸುಟ್ಟ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಅಂಗಡಿಗಿಂತ ಅವನ ಸಿಟ್ಟೇ ಹೆಸರುವಾಸಿ. ಹೋದ ವರ್ಷ ಗಿರಾಕಿಯೊಬ್ಬ "ಇನ್ನೂ ಆಗಿಲ್ಲೇನು?" ಅಂದದ್ದಕ್ಕೆ ಅವನ ಮೋಟಾರನ್ನೇ ಎತ್ತಿ ಕಾಲುವೆಗೆ ಒಗೆದಿದ್ದ. "ನಿನ್ನ ಮ್ಯಾಲ ಮನಸ ಐತಿ. ಆದ್ರ ಜೀವಮಾನಾ ಪೂರ್ತಿ ನಿನ್ನ ಒದರಾಟ ಕೇಳಾಕ ನನ್ನ ಕೈಲೆ ಆಗೂದಿಲ್ಲ" ಎಂದು ಮಯೂರಿಯೇ ಅವನನ್ನು ಚಿಕ್ಕೋಡಿಯ ಸೀಮಾ ಮೇಡಂ ಹತ್ತಿರ ಅಟ್ಟಿದ್ದಳು. ಮೇಡಂ ಕಲಿಸುವ ವಿದ್ಯೆಯ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ವಿಶ್ವಾಸನ ನಾಲಿಗೆಗೆ ಹೊರಳಿದ್ದು ಡಿಬಿಟಿ ಅಂತ ಮಾತ್ರ.

"ಸಿಟ್ಟು ಬರೂದು ತಪ್ಪಲ್ಲೋ ತಮ್ಮಾ," ಎಂದಿದ್ದರು ಮೇಡಂ. "ಬಂತು ಅಂತ ಒಪ್ಪಿಕೋ. ಅದು ಹೇಳಿದಂಗ ಮಾತ್ರ ಕುಣೀಬ್ಯಾಡ. ಎದಿ ಹೊಡಕೊಂಡ್ರ ಥಣ್ಣನ ನೀರಾಗ ಮಾರಿ ಮುಳಗಸು. ಉಸರು ಸಾವಕಾಶ ಬಿಡು. ಒದರಬೇಕು ಅನಿಸಿದಾಗ ಮೆತ್ತಗ ಮಾತಾಡು."

ಮಾಡಿದ. ಅಂದಿನಿಂದ ಒಂದು ಮೋಟಾರೂ ಕಾಲುವೆ ಕಂಡಿರಲಿಲ್ಲ. ಆದರೂ ಮಯೂರಿಗೆ ಧೈರ್ಯ ಸಾಲದು. "ಫೋನ್ ಚಾಲೂ ಇಟ್ಟು ಕಿಸೆದಾಗ ಹಾಕ್ಕೋ. ನಾ ಕೇಳಕೋತ ಇರ್ತೀನಿ. ಒಂದ್ ಸಲ ಒದರಿದೀ ಅಂದ್ರ ಮುಗೀತು!"

ಬಾಗಿಲಲ್ಲಿ ಜೀಪು ನಿಂತಿತು. ವಿಶ್ವಾಸನ ಎದೆ ಒಂದೇ ಫೇಸಿನ ಮೇಲೆ ಚಾಲೂ ಮಾಡಿದ ಮೋಟಾರಿನಂತೆ ಗುಂಯ್‌ಗುಟ್ಟಿತು. ಬಚ್ಚಲಿಗೆ ಓಡಿದ, ಬೋಗುಣಿಯಲ್ಲಿ ಮುಖ ಮುಳುಗಿಸಿದ, ಎದ್ದ. ಎದೆ ಹದಕ್ಕೆ ಬಂತು.

ನೀರು ಸುರಿಸುತ್ತ ಪಡಸಾಲೆಗೆ ಬಂದರೆ ಎದುರಿಗೇ ಪಕ್ಕದ ಮನೆಯ ದುಂಡವ್ವ. ಯಾರ ಮನೆಗೆ ಬೀಗರು ಬಂದರೂ ಅವರಿಗಿಂತ ಮೊದಲು ಈಕೆ ಹಾಜರು.

"ಏನಲೇ ವಿಶ್ವಾಸ, ಮುಂಜಾನೆದ್ದು ಹಾಕ್ಕೊಂಡಿಯೇನು? ನಿಶೆ ಇಳಸಾಕ ತಲಿ ತೊಯಿಸಿದಿ?"

ಆಗಲೇ ಒಳಬಂದು ಕುಳಿತಿದ್ದ ರಾವಸಾಹೇಬರ ಹುಬ್ಬು ಏರಿತು. ವಿಶ್ವಾಸ ಉಸಿರನ್ನು ಸಾವಕಾಶ ಬಿಟ್ಟ. "ಇಲ್ಲ ಕಾಕೂ. ಶೆಕಿ ಐತಿ."

ದುಂಡವ್ವ ಒಳಗೆ ಹೋಗಿ ಶರಬತ್ತು ಮಾಡಿ ತಂದಳು. ರಾವಸಾಹೇಬರು ಒಂದು ಗುಟುಕು ಕುಡಿದು ಮೂಸಿ ನೋಡಿದರು. "ಕೊಬ್ರಿ ಎಣ್ಣಿ ವಾಸನಿ ಬರಾಕತ್ತೈತಲ್ಲ?"

"ಲಿಂಬಿಕಾಯಿದು ಅದ ಗುಣಾರೀ," ಎಂದಳು ದುಂಡವ್ವ.

ರಾವಸಾಹೇಬರು ಗ್ರೀಸು ಮೆತ್ತಿದ ವಿಶ್ವಾಸನ ಕೈ ನೋಡಿದರು. "ಈ ಕರೇ ಕೈಯಾಗ ನನ್ನ ಮಗಳನ್ನ ಕೊಡಬೇಕೇನು?"

"ಖರೇ ಐತ್ರಿ ಮಾವಾರ. ತೊಳಕೊಂಡ ಬರ್ತೀನ್ರಿ."

"ಕುಂಡ್ರು. ನೀ ರಿಪೇರಿ ಮಾಡಿದ ನಮ್ಮ ಮೋಟಾರ ಎಂಟ ದಿನಕ್ಕ ಸುಟ್ಟು ಹೋತು. ಹಳೀ ತಂತಿ ಸುತ್ತಿ ಹೊಸಾದಂತ ಹೇಳ್ತಿಯೇನಲೇ, ಕಳ್ಳ?"

ಹಸಿ ಸುಳ್ಳು! ವಿಶ್ವಾಸನ ಕಿವಿಯಲ್ಲಿ ಹೊಗೆ ಎದ್ದಿತು. ಮೇಡಂ ಹೇಳಿದಂತೆ ಕಣ್ಣಿಗೆ ಕಂಡದ್ದನ್ನು ಮನಸ್ಸಿನಲ್ಲೇ ಹೆಸರಿಸತೊಡಗಿದ: ಗಡಿಯಾರ, ಕ್ಯಾಲೆಂಡರು, ಮಾವನ ಮೀಸೆ... ಮೀಸೆ ಬೇಡ, ಕ್ಯಾಲೆಂಡರು.

"ಕಳಸ್ರಿ ಮಾವಾರ," ಎಂದ ಕೊನೆಗೆ, ಬೆಣ್ಣೆಯಂಥ ದನಿಯಲ್ಲಿ. "ಪುಕ್ಕಟೆ ಮಾಡಿ ಕೊಡ್ತೀನ್ರಿ."

ಕಿಸೆಯೊಳಗಿನ ಫೋನಿನಲ್ಲಿ ಮೆಲ್ಲಗೆ ಮಯೂರಿಯ ಬಳೆ ಸದ್ದಾಯಿತು. ಗೆದ್ದೆ ಅಂದುಕೊಂಡ.

ರಾವಸಾಹೇಬರು ಗ್ಲಾಸು ಕೆಳಗಿಟ್ಟು ಎದ್ದರು. "ಬರ್ತೀವ್ರಿ ಅಕ್ಕಾರ. ಈ ಸಂಬಂಧ ಒಗ್ಗೂದಿಲ್ಲ."

ವಿಶ್ವಾಸನ ತಾಯಿ ಸುಂದರಾ ಗಾಬರಿಯಾದಳು. "ಯಾಕ್ರೀ? ನಮ್ಮ ಹುಡುಗಂದು ಏನ ತಪ್ಪಾತ್ರಿ?"

"ಏನೂ ತಪ್ಪಿಲ್ಲ, ಅದ ತ್ರಾಸ. ನನಗ ಗಂಡಮಕ್ಕಳಿಲ್ರಿ. ನಮ್ಮ ಕಬ್ಬಿನ ಹೊಲದ ಗಡಿ ಬಾಂದ ಅಣ್ತಮ್ಮರು ವರ್ಷಾ ಒಂದೊಂದ ಗೇಣ ಒತ್ತಾಕತ್ತಾರ. ಮೋಟಾರ ಎತ್ತಿ ಕಾಲವಿಗೆ ಒಗದ ಹುಡುಗ ಅಂತ ಕೇಳಿ ಆಸೆಲೆ ಬಂದಿದ್ದೆ. ಬೇಕಂತ ಬೈದು ನೋಡಿದೆ. ಆಕಳದಂಗ ಕುಂತಾನ! ಇಂವನ್ನ ಬಾಂದಕ್ಕ ಕಳಿಸಿದ್ರ ಉಳದ ಹೊಲಾನೂ ಕೊಟ್ಟ ಬರ್ತಾನ."

ಅವರು ಜೀಪಿನ ಕಡೆ ನಡೆದರು. ದುಂಡವ್ವ ಲೊಚಗುಟ್ಟಿದಳು: "ಆ ಚಿಕ್ಕೋಡಿ ಮೇಡಂ ಹುಡುಗನ ಫ್ಯೂಜನ ಕಿತ್ತು ಕಳಿಸ್ಯಾಳ ನೋಡು."

ವಿಶ್ವಾಸನ ಎದೆ ಮತ್ತೆ ಗುಂಯ್ ಅಂದಿತು. ಬಚ್ಚಲಿಗೆ ಓಡಿದ. ತಾಟು ಎತ್ತಿದ. ಬೋಗುಣಿ ಖಾಲಿ. ಅದನ್ನೇ ಹಿಡಿದುಕೊಂಡು ಹೊರಬಾಗಿಲಿಗೆ ಬಂದ.

"ಬರ್ಫ ಎಲ್ಲೈತಿ?"

"ಶರಬತ್ತಿಗೆ ಹಾಕಿದೆ. ತಂಪ ನೀರ ಐತಲ್ಲ ಅಂತ ಅದನ್ನೂ ಸುರವಿದೆ," ಎಂದಳು ದುಂಡವ್ವ ಹೆಮ್ಮೆಯಿಂದ.

"ನಾ ಮಾರಿ ಮುಳಗಿಸಿದ ನೀರು ಬೀಗರಿಗೆ ಕುಡಿಸಿದೇನಬೇ ಮುದುಕೀ!"

ಓಣಿಯ ಕಾಗೆಗಳು ಎದ್ದು ಹಾರಿದವು. ಕೈಯಲ್ಲಿದ್ದ ಬೋಗುಣಿಯೂ ಹಾರಿತು. ಹಾರಿ, ಜೀಪಿನ ಬಾನೆಟ್ ಮೇಲೆ ಢಣ್ಣೆಂದು ಇಳಿಯಿತು.

ಜೀಪಿನಲ್ಲಿ ಒಂದು ಕಾಲಿಟ್ಟಿದ್ದ ರಾವಸಾಹೇಬರು ತಿರುಗಿದರು. ಮುಖ ಅರಳಿತು. ಓಡಿಬಂದು ವಿಶ್ವಾಸನನ್ನು ತಬ್ಬಿಕೊಂಡರು.

"ಶಾಬ್ಬಾಸ್ ಅಳಿಯಾ! ಬಾಂದದ ಮ್ಯಾಲ ನಿಂತು ಹಿಂಗ ಒಂದ್ ಸಲ ಒದರು, ಸಾಕು. ಅಕ್ಕಾರ, ಸಕ್ಕರಿ ತರ್ರಿ, ಗಟ್ಟಿ ಮಾಡೂನು. ಇಂಥಾ ಅಳಿಯನ ಮಾರಿ ತೊಳದ ನೀರಾದ್ರೇನು? ಇನ್ನೊಂದ್ ಗ್ಲಾಸ್ ಕೊಡ್ರಿ!"

ವಿಶ್ವಾಸ ಕಿಸೆಯ ಫೋನು ತೆಗೆದು ಕಿವಿಗಿಟ್ಟ. "ಮಯೂರೀ..."

"ಕೇಳಸ್ತು," ಎಂದಳು ಅವಳು, ಮೆತ್ತಗೆ. "ನಮ್ಮಪ್ಪಗ ಪಸಂದ ಆದಿ. ಅವರ ಜೋಡೀನ ಸಂಸಾರ ಮಾಡು."

ಫೋನು ಕಟ್ಟಾಯಿತು. ಎದೆ ಗುಂಯ್‌ಗುಡತೊಡಗಿತು. ತಂಪು ನೀರಿಗಾಗಿ ವಿಶ್ವಾಸ ಸುತ್ತ ನೋಡಿದ. ಉಳಿದಿದ್ದ ಕೊನೆಯ ಬರ್ಫಿನ ಚೂರು ರಾವಸಾಹೇಬರ ಗ್ಲಾಸಿನಲ್ಲಿ ಕಿಣಿಕಿಣಿ ಅನ್ನುತ್ತಿತ್ತು. ಅವರು ಅದನ್ನೂ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು.