ಮರವಂತೆಗೆ ಹೊರಟ ಬೆಲ್ವಾರ

ಗೋದಾಳಿಗೆ ಸಮುದ್ರ ತೋರಿಸಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದೆ. ಬಸ್ಸಿನಲ್ಲಲ್ಲ, ರೈಲಿನಲ್ಲಲ್ಲ. ನನ್ನ ಸ್ವಂತ ಕಾರಿನಲ್ಲಿ, ನಾನೇ ಸ್ಟಿಯರಿಂಗ್ ಹಿಡಿದು, ಮರವಂತೆಯ ಆ ರಸ್ತೆಯಲ್ಲಿ! ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ನಾವಿಬ್ಬರು! ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ಹೆಂಡತಿಯ ಮುಂದೆ ಈ ಮಾತು ಆಡಿದಾಗ ಸೊಪ್ಪಿನವಳು ಕೂಡ ಕಟ್ಟು ಕೆಳಗಿಟ್ಟು ನನ್ನ ಮುಖ ನೋಡಿದಳು.

“ರೈಲಿದೆಯಲ್ಲ ರೀ, ಸುಮ್ನೆ ಹತ್ತಿ ಕೂತ್ರೆ ಆಯ್ತು,” ಎಂದಳು ಗೋದಾ.

“ರೈಲಲ್ಲಿ ಎಲ್ಲರೂ ಹೋಗ್ತಾರೆ. ನೀನು ಬೆಲ್ವಾರ ಕಾರಲ್ಲಿ ಹೋಗ್ತೀಯ.”

ನಾನು ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅಲೆ, ಉಬ್ಬರ, ಇಳಿತ, ಕಡಲ ಕೊರೆತ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದೂ ಬರೆದೂ ಬೆರಳು ಸವೆಸಿದವನು. ಕಟ್ಟಿಕೊಂಡ ಹೆಂಡತಿ ಮಾತ್ರ ಇನ್ನೂ ಸಮುದ್ರ ನೋಡಿಲ್ಲ. “ನಾನು ಉಬ್ಬರ ನೋಡಿರೋದು ಹಾಲು ಉಕ್ಕಿದಾಗ ಮಾತ್ರ,” ಎಂದು ಅವಳು ನೆಂಟರ ಮುಂದೆ ಹೇಳಿದ ದಿನವೇ ನಾನು ಕಾರು ಕೊಳ್ಳಲು ತೀರ್ಮಾನಿಸಿದ್ದು.

ಯಾವ ಕಾರು ಎಂಬ ಪ್ರಶ್ನೆಯೇ ಇರಲಿಲ್ಲ. ಬೆಲ್ವಾರ ಎಂಬ ಹೆಸರೆತ್ತಿದರೆ ಬಸವನಗುಡಿಯ ಹಿರಿಯರು ಕಾಫಿ ಲೋಟ ಕೆಳಗಿಟ್ಟು ಗಂಭೀರರಾಗುತ್ತಾರೆ. “ಬೆಲ್ವಾರ ಕೆಡಲ್ಲ ಸಾರ್. ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ,” ಎಂದರು ಪಾರ್ಕಿನಲ್ಲಿ ವಾಕಿಂಗ್ ಬರುವವರು. “ಅದಕ್ಕೆ ಸರ್ವೀಸೇ ಬೇಡ,” ಎಂದರು ಹೋಟೆಲಿನಲ್ಲಿ ಪಕ್ಕದ ಮೇಜಿನವರು. ಹೀಗೆ ಹೇಳಿದವರಲ್ಲಿ ಒಬ್ಬರ ಮನೆಯಲ್ಲೂ ಬೆಲ್ವಾರ ಇಲ್ಲ ಎಂಬುದು ನನಗೆ ಹೊಳೆದಾಗ ಕಾರು ಮನೆ ಮುಂದೆ ನಿಂತಾಗಿತ್ತು. ಬಣ್ಣ ಕಡಲ ನೀಲಿ. ನಿಂಬೆಹಣ್ಣಿನ ಮೇಲೆ ಹತ್ತಿಸಿ, ಕುಂಕುಮದ ನೀರು ನಿವಾಳಿಸಿ, ಗೋದಾ ತಾನೇ ಬಾನೆಟ್ಟಿಗೆ ಸ್ವಸ್ತಿಕ ಬರೆದಳು.

ಮುಂದಿನ ಭಾನುವಾರ ಮುಂಜಾನೆಯೇ ಮರವಂತೆಗೆ ಹೊರಟೆವು. ಡಬ್ಬಿಯಲ್ಲಿ ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ, ಗೋದಾಳ ಮುಡಿಯಲ್ಲಿ ಮಲ್ಲಿಗೆ. ನೆಟ್ಟಕಲ್ಲಪ್ಪ ಸರ್ಕಲ್ ಬರುತ್ತಲೇ ಬೆಲ್ವಾರ ಒಂದು ಸಲ ಆಕಳಿಸಿತು. ಆಮೇಲೆ ನಿದ್ದೆ ಹೋಯಿತು. ಒಳಗಿನಿಂದ ಒಂದು ಹೆಣ್ಣುಧ್ವನಿ ಬಹಳ ಅಕ್ಕರೆಯಿಂದ, “ದಯವಿಟ್ಟು ಡೀಲರನ್ನು ಸಂಪರ್ಕಿಸಿ,” ಎಂದಿತು.

ಗೋದಾ ಬೆಚ್ಚಿದಳು. “ಯಾರ್ರೀ ಅದು ಒಳಗಡೆ?”

“ಕಾರು ಕಣೇ. ಮಾತಾಡುತ್ತೆ.”

“ಮಾತಾಡೋಕೆ ತ್ರಾಣ ಇದೆ, ನಡೆಯೋಕೆ ಇಲ್ವಾ?”

ಅಲ್ಲಿಂದ ಮುಂದೆ ನಮ್ಮ ಮರವಂತೆ ಯಾತ್ರೆಗಳು ಬಸವನಗುಡಿಯ ಎಲ್ಲೆ ದಾಟಲೇ ಇಲ್ಲ. ಆದರೆ ಬೆಲ್ವಾರದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ನಿಲ್ಲುವಾಗ ಅದು ಜಾಗ ನೋಡಿ ನಿಲ್ಲುತ್ತಿತ್ತು. ಒಮ್ಮೆ ಹೂವಿನ ಅಂಗಡಿಗಳ ಎದುರು, ಒಮ್ಮೆ ಕೃಷ್ಣರಾವ್ ಪಾರ್ಕಿನ ಪಕ್ಕ ಹೊಂಗೆ ಮರದ ಕೆಳಗೆ. ಟೋ ಮಾಡುವ ಗಾಡಿ ಬರುವವರೆಗೂ ನಾನು ಸೀಟು ಹಿಂದಕ್ಕೆ ಮಲಗಿಸಿ ಕಣ್ಣು ಮುಚ್ಚುತ್ತಿದ್ದೆ. ಹೊಂಗೆಯ ಹೂವು ಗಾಜಿನ ಮೇಲೆ ಮೆಲ್ಲಗೆ ಉದುರುತ್ತಿತ್ತು. ಎಲ್ಲಿಂದಲೋ ಅಲೆಯ ಸದ್ದು ಬರುತ್ತಿತ್ತು, ಸುಯ್ಯೆಂದು ಬಂದು ಸುಯ್ಯೆಂದು ಹಿಂದೆ ಸರಿಯುವ ಅಲೆ. ಗೋದಾ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗೆ ಕಾಲಿಡುತ್ತಿದ್ದಳು, ನಗುತ್ತಿದ್ದಳು, ನನ್ನ ಕೈ ಹಿಡಿಯುತ್ತಿದ್ದಳು. ಕಣ್ಣು ಬಿಟ್ಟರೆ ಪೌರಕಾರ್ಮಿಕರು ಉದ್ದ ಪೊರಕೆಯಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಗೋದಾ ಕೋಡುಬಳೆ ಡಬ್ಬಿಯ ಮುಚ್ಚಳ ಹಾಕುತ್ತಾ, “ಮನೆಗೆ ನಡೀರಿ, ಸಾರಿಗೆ ಬೇಳೆ ಇಡಬೇಕು,” ಎನ್ನುತ್ತಿದ್ದಳು. ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮಿನರ್ವ ಸರ್ಕಲ್ ಹತ್ತಿರದ ಶೋರೂಮಿನಲ್ಲಿ ಅಭಿನಂದನ್ ಎಂಬ ಮ್ಯಾನೇಜರ್. ಇಸ್ತ್ರಿ ಅಂಗಿಯಷ್ಟೇ ನಯವಾದ ಮಾತು.

“ಸಾರ್, ಬೆಲ್ವಾರದಲ್ಲಿ ಈ ಕಂಪ್ಲೇಂಟ್ ಬರೋದೇ ಇಲ್ಲ. ಇಡೀ ಬೆಂಗಳೂರಲ್ಲಿ ನೀವೇ ಫಸ್ಟು.”

ಅಷ್ಟು ದೊಡ್ಡ ಊರಿನಲ್ಲಿ ಮೊದಲಿಗನಾದದ್ದು ನನಗೆ ಒಂದು ಕ್ಷಣ ಹೆಮ್ಮೆ ಎನಿಸಿದ್ದೂ ಉಂಟು. ಕಾರನ್ನು ಒಳಗೆ ತಳ್ಳಿಕೊಂಡು ಹೋಗಿ ಬಟನ್ ಒತ್ತಿದರೆ ಸಾಕು, ಅದು ಗುರ್ ಎಂದು ಎದ್ದು ಕೂರುತ್ತಿತ್ತು. ಡಾಕ್ಟರ ಮುಖ ನೋಡಿದ ಕೂಡಲೇ ಹೊಟ್ಟೆನೋವು ಮರೆಯುವ ನಮ್ಮ ಸ್ಕೂಲಿನ ಮಕ್ಕಳ ಹಾಗೆ. “ನೋಡಿ ಸಾರ್, ಏನೂ ಇಲ್ಲ,” ಎಂದು ಅಭಿನಂದನ್ ಕೀ ಕೊಡುತ್ತಿದ್ದ.

ಅಲ್ಲಿನ ಸೋಫಾದಲ್ಲಿ ಕಾಯುತ್ತಿದ್ದಾಗ ಮಲ್ಲೇಶ್ವರದ ಮಹಾನಂದ ಎಂಬ ಬ್ಯಾಂಕ್ ಮೇಡಂ ಪರಿಚಯವಾದರು. ಆಕೆ ಅತ್ತಿತ್ತ ನೋಡಿ ಪಿಸುಗುಟ್ಟಿದರು. “ನಿಮಗೂ ನೀವೇ ಫಸ್ಟು ಅಂದ್ರಾ?”

“ಹೌದು ಮೇಡಂ.”

“ನನಗೂ ಅಂದ್ರು. ಆ ಮೂಲೇಲಿ ಕೂತಿದ್ದಾರಲ್ಲ, ಅವರಿಗೂ ಅಂದಿದ್ದಾರೆ.”

ಸೋಫಾದ ತುಂಬ ಮೊದಲಿಗರೇ! ನನ್ನ ರಕ್ತ ಕುದಿಯಿತು. “ಹಾಗಾದ್ರೆ ನಾವೆಲ್ಲ ಸೇರಿ ಊರಿಗೆ ಹೇಳೋಣ,” ಎಂದೆ. ಸೋಫಾ ಒಟ್ಟಾಗಿ ನಡುಗಿತು.

“ಅಯ್ಯೋ, ಬಾಯಿಬಿಡಬೇಡಿ ಸಾರ್,” ಎಂದರು ಮಹಾನಂದ. “ಹೆಸರು ಕೆಟ್ಟರೆ ನಮ್ಮ ಗಾಡಿ ಯಾರು ಕೊಳ್ತಾರೆ? ನಾನಂತೂ ಮಾರೋ ತನಕ ಹೊಗಳ್ತಾನೇ ಇರ್ತೀನಿ.”

ಬೆಲ್ವಾರದ ಕೀರ್ತಿ ಇಷ್ಟು ಭದ್ರವಾಗಿ ಯಾಕಿದೆ ಎಂದು ನನಗೆ ಆಗ ತಿಳಿಯಿತು. ಅದನ್ನು ಕೊಂಡು ಅನುಭವಿಸಿದವರೇ ಹೆಗಲು ಕೊಟ್ಟು ಹೊತ್ತಿದ್ದರು. ನಾನೇನು ಕಮ್ಮಿ? ನಮ್ಮ ಎದುರುಮನೆಯ ನಾರಾಯಣಪ್ಪನವರು, ಸೈಟು ವ್ಯಾಪಾರ ಮಾಡುವವರು, ಅದೇ ಸಂಜೆ ಗೇಟಿನ ಬಳಿ ನಿಂತು ಕೇಳಿದರು. “ಗಾಡಿ ಎಂಗೈತೆ ಶೀನಣ್ಣಾರೆ? ನಾನೂ ಒಂದು ತಗಳಾಣ ಅಂತಿದೀನಿ.”

“ಬೆಣ್ಣೆ, ನಾರಾಯಣಪ್ಪನವರೇ, ಬೆಣ್ಣೆ,” ಎಂದೆ.

ಅವರು ಹೋದ ಮೇಲೆ ಗೋದಾ ಬಾಗಿಲಲ್ಲೇ ನನ್ನನ್ನು ಹಿಡಿದಳು. “ಏನ್ರೀ ಇದು? ಅವರ ಹತ್ರ ಬೆಣ್ಣೆ ಅಂತೀರಿ. ಆ ಶೋರೂಮಿನವನ ಮುಂದೆ ಹೋದ್ರೆ ಕೋಲೆ ಬಸವನ ಹಾಗೆ ತಲೆ ಆಡಿಸಿ ಬರ್ತೀರಿ. ನನಗೆ ಸಮುದ್ರ ಬೇಡ, ಬಿಟ್ಟುಬಿಡಿ.”

ಸಮುದ್ರ ಬೇಡ ಎಂದಾಗ ಅವಳ ದನಿ ಸ್ವಲ್ಪ ಒಡೆಯಿತು. ನನಗೆ ತಡೆಯಲಾಗಲಿಲ್ಲ. ಅದೇ ಗಳಿಗೆಯಲ್ಲಿ ತಲೆಯೊಳಗೆ ದೀಪ ಹೊತ್ತಿತು. ಎಲ್ಲೋ ಯಾರೋ ಕೆಟ್ಟ ಕಾರಿಗೆ ಕತ್ತೆ ಕಟ್ಟಿ ಶೋರೂಮಿಗೆ ಎಳೆಸಿ ಮಾನ ಹರಾಜು ಹಾಕಿದರಂತೆ ಎಂದು ಕೇಳಿದ್ದೆ.

“ಕತ್ತೆ ತರಿಸ್ತೀನಿ ಗೋದಾ!”

“ರಂಗೋಲಿ ಹಾಕಿರೋ ಬಾಗಿಲಿಗೆ ಕತ್ತೆ ಬಂದ್ರೆ ನಾನು ಅಕ್ಕನ ಮನೆಗೆ ಹೊರಟೆ.”

“ಸರಿ, ಹಾಗಾದ್ರೆ ಬಸವ. ನೀನೇ ಹೇಳಿದೆಯಲ್ಲ, ಕೋಲೆ ಬಸವ!”

ನಮ್ಮ ಬೀದಿಗೆ ಆಗಾಗ ಬರುವ ಬಸವನ ಒಡೆಯ ರಾಮಾಂಜಿನಪ್ಪ ಮೊದಲು ಒಪ್ಪಲಿಲ್ಲ. “ಸಾಮಿ, ಇದು ದ್ಯಾವರ ಬಸವ. ಗಾಡಿ ಗೀಡಿ ಎಳೆಯಾಕಿಲ್ಲ. ಬೇಕಂದ್ರೆ ಮುಂದೆ ನಡೀತದೆ.” ಮುಂದೆ ನಡೆದರೆ ಸಾಕೆಂದೆ. ಕೊಂಬಿನಿಂದ ಬಂಪರಿಗೆ ಹೆಸರಿಗೊಂದು ಹೂವಿನ ಸರ, ಹಿಂದಿನಿಂದ ಮನುಷ್ಯರು ತಳ್ಳುವುದು ಎಂದು ಒಪ್ಪಂದವಾಯಿತು. ಸೋಫಾದ ಮೊದಲಿಗರಿಗೆಲ್ಲ ಮೆಸೇಜು ಹಾಕಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು, ಒಬ್ಬರೂ ಬರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ನಾರಾಯಣಪ್ಪನವರಿಗೇ ನಿಜ ಹೇಳಿ, ತಳ್ಳಲು ಬನ್ನಿ ಎಂದೆ.

“ಬೆಣ್ಣೆ ಅಂದ್ರಲ್ಲ ಸಾಮಿ?”

“ಕರಗಿತು.”

ಪಾಪ, ಪಂಚೆ ಎತ್ತಿಕಟ್ಟಿಕೊಂಡು ಬಂದರು.

ಬಸವನ ಕೊರಳಿಗೆ ರಟ್ಟಿನ ಬೋರ್ಡು ತೂಗುಹಾಕಿದ್ದೆ. ‘ಬೆಲ್ವಾರ ಕೊಂಡು ಕೆಟ್ಟೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಮುಂದೆ ರಾಮಾಂಜಿನಪ್ಪನ ಓಲಗ ಡೋಲು, ಅವನ ಹಿಂದೆ ಜೂಲು ಹೊದ್ದ ಬಸವ, ಅದರ ಹಿಂದೆ ಕಡಲ ನೀಲಿಯ ಬೆಲ್ವಾರ, ಅದರ ಹಿಂದೆ ಬೆವರುತ್ತಾ ನಾನೂ ನಾರಾಯಣಪ್ಪನವರೂ. ಸ್ಟಿಯರಿಂಗ್ ಹಿಡಿದವಳು ಗೋದಾ! ಕ್ರಾಂತಿ ಹೊರಟಿತು ಎಂದುಕೊಂಡೆ.

ಗಾಂಧಿ ಬಜಾರಿನ ತನಕ ಕ್ರಾಂತಿ ಚೆನ್ನಾಗಿಯೇ ಇತ್ತು. ಅಲ್ಲಿ ಹೂವಿನವರು ಬಸವನನ್ನು ಕಂಡು ಎದ್ದು ನಿಂತರು. ಒಬ್ಬಾಕೆ ಕಾಲಿಗೆ ನೀರು ಹಾಕಿದಳು. ಇನ್ನೊಬ್ಬಾಕೆ ಸೇವಂತಿಗೆ ಹಾರ ಹಾಕಿದಳು. ಆಮೇಲೆ ಚೆಂಡುಹೂವಿನದು, ಸುಗಂಧರಾಜದ್ದು, ಮತ್ತೆ ಸೇವಂತಿಗೆಯದು. ನಾನು ಹಿಂದೆ ತಲೆ ತಗ್ಗಿಸಿ ತಳ್ಳುತ್ತಿದ್ದವನು ಎತ್ತಿ ನೋಡುವಷ್ಟರಲ್ಲಿ ನನ್ನ ಬೋರ್ಡು ಹೂವಿನಡಿ ಮುಳುಗಿಹೋಗಿತ್ತು. ಯಾರೋ ಬೆಲ್ವಾರದ ಬಾನೆಟ್ಟಿಗೂ ಹಾರ ಹಾಕಿ ಅರಿಶಿನ ಕುಂಕುಮ ಹಚ್ಚಿದ್ದರು. ಒಳಗೆ ಕೂತ ಗೋದಾಳಿಗೆ ಮುತ್ತೈದೆಯರು ಕಿಟಕಿಯಿಂದ ಹೂವು ಕೊಡುತ್ತಿದ್ದರು. ಅವಳು ಮುಡಿದುಕೊಂಡು ನಗುತ್ತಿದ್ದಳು. ಬೀದಿಯೆಲ್ಲ ಘಮಘಮ. ನಿಜ ಹೇಳುತ್ತೇನೆ, ಆ ಕನಸಿನಂಥ ಬೆಳಗಿನಲ್ಲಿ ನಾನು ಯಾರ ಮೇಲೆ ಸಿಟ್ಟಾಗಿ ಹೊರಟಿದ್ದೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಯಿತು.

ಶೋರೂಮಿನ ಮುಂದೆ ಅಭಿನಂದನ್ ಗಾಬರಿಯಿಂದ ಓಡಿಬಂದ. ಹಾರ ನೋಡಿದ, ಓಲಗ ಕೇಳಿದ, ಮೊಬೈಲ್ ಹಿಡಿದು ಹಿಂದೆ ಬಂದ ಜನ ನೋಡಿದ. ಅವನ ಮುಖ ಅರಳಿತು. ಒಳಗೆ ಓಡಿ ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ತಂದು ಬಸವನ ಮುಂದೆ ಕೈಮುಗಿದು ನಿಂತ.

“ಬಸವಣ್ಣಾ, ನಮ್ಮ ಬೆಲ್ವಾರಕ್ಕೆ ಒಳ್ಳೇದಾಗುತ್ತಾ?”

ರಾಮಾಂಜಿನಪ್ಪ ಡೋಲು ಬಡಿದ. ಬಸವ ದೊಡ್ಡದಾಗಿ ತಲೆಯಾಡಿಸಿತು. ಜನ ಚಪ್ಪಾಳೆ ತಟ್ಟಿದರು.

ನಾನು ನುಗ್ಗಿದೆ. “ಇವರು ನನಗೆ ಮೋಸ ಮಾಡಿಲ್ವಾ? ಹೇಳು ಬಸವಣ್ಣಾ!” ಬಸವ ಬಾಳೆಹಣ್ಣು ತಿನ್ನುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ.

ಅಷ್ಟರಲ್ಲಿ ಬೆವರೊರೆಸಿಕೊಳ್ಳುತ್ತಾ ನಾರಾಯಣಪ್ಪನವರು ಮುಂದೆ ಬಂದರು. “ನಾನು ತಗಂಡ್ರೆ ಸರಿ ಓಯ್ತದಾ ನನ್ನಪ್ಪಾ?” ಮತ್ತೆ ಡೋಲು, ಮತ್ತೆ ತಲೆ. ಅವರು ಪಂಚೆ ಇಳಿಬಿಟ್ಟು ನೇರ ಬುಕಿಂಗ್ ಮೇಜಿಗೆ ಹೋಗಿ ಕೂತರು.

“ಈಗ ತಾನೆ ತಳ್ಳಿದ್ದೀರಲ್ಲ ನಾರಾಯಣಪ್ಪನವರೇ!”

“ನಿಮ್ಮದು ನಿಮ್ಮ ಗ್ರಚಾರ ಸಾಮಿ. ನಂಗೆ ಬಸವಣ್ಣನೇ ಹೇಳೌನೆ.”

‘ಬಸವನ ಆಶೀರ್ವಾದ ಪಡೆದ ಬೆಲ್ವಾರ’ ಎಂಬ ರೀಲು ಸಂಜೆಯೊಳಗೆ ಊರೆಲ್ಲ ಓಡಾಡಿತು. ಮಹಾನಂದ ಮೇಡಂ ಮೆಸೇಜು ಕಳಿಸಿದರು. ‘ನನ್ನ ಗಾಡಿ ಒಳ್ಳೇ ರೇಟಿಗೆ ಹೋಯ್ತು. ನಿಮ್ಮ ಉಪಕಾರ ಮರೆಯಲ್ಲ.’

ನಾರಾಯಣಪ್ಪನವರ ಬೆಲ್ವಾರ ಬಂತು. ಅದೂ ನೀಲಿ. ಓಡಿತು, ಓಡುತ್ತಲೇ ಇತ್ತು. ಶಾಲೆಗೆ ರಜೆ ಬಂದಾಗ ಅವರ ಹೆಂಡತಿ ಮುನಿಯಕ್ಕ ಒಂದು ದಿನ ಬಂದು, “ಗೋದಮ್ಮಾ, ನಾವು ಮರವಂತೆಗೆ ಓಯ್ತಾ ಇದೀವಿ, ನೀವೂ ಬನ್ನಿ,” ಎಂದರು. ಗೋದಾಳ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಆದರೆ ಐದೇ ಸೀಟು. ನಾರಾಯಣಪ್ಪ, ಮುನಿಯಕ್ಕ, ಮಕ್ಕಳು ತೇಜಶ್ರೀ, ಯಶಶ್ರೀ, ಜೊತೆಗೆ ಗೋದಾ. ಅಲ್ಲಿಗೆ ಭರ್ತಿ.

“ಅದಕ್ಕೇನಂತೆ,” ಎಂದಳು ಗೋದಾ, ಮುಖ ಗಂಭೀರ ಮಾಡಿಕೊಂಡು. “ನೀವು ನಮ್ಮ ಕಾರಲ್ಲಿ ಹಿಂದೆ ಬನ್ನಿ.”

ಬಂದೆ! ಯಶವಂತಪುರದ ಫ್ಲೈಓವರ್ ತನಕ ಬಂದೆ. ಮುಂದಿನ ನೀಲಿ ಬೆಲ್ವಾರ ಸಣ್ಣದಾಗುತ್ತಾ ಹೋಯಿತು. ನನ್ನದು ಆಕಳಿಸಿ ಮಲಗಿತು. ಒಳಗಿನವಳು ತನ್ನ ಮಾತು ಹೇಳಿದಳು. ನಾನು ಫೋನಿನಲ್ಲಿ, “ನಿಲ್ಲಿಸಬೇಡ ಗೋದಾ, ಹೋಗು. ನನ್ನ ಪಾಲಿಂದೂ ನೋಡ್ಕೊಂಡು ಬಾ,” ಎಂದೆ.

ಸಂಜೆಗೆ ಟೋ ಗಾಡಿಯವನು ಬೆಲ್ವಾರವನ್ನು ತಂದು ಮನೆ ಮುಂದೆ ಬಿಟ್ಟ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಸೀಟು ಮಲಗಿಸಿ ಕಾರಿನಲ್ಲೇ ಕೂತೆ. ಬೀದಿಯ ಮರಗಳಲ್ಲಿ ಹಕ್ಕಿಗಳ ಗದ್ದಲ, ಯಾರದೋ ಮನೆಯಲ್ಲಿ ಸಂಗೀತ ಪಾಠ. ಆಗ ಫೋನು ಬಂತು. ಮೊದಲು ಬರೀ ಸದ್ದು. ಸುಯ್ಯೆಂದು ಬಂದು, ಸುಯ್ಯೆಂದು ಹಿಂದೆ ಸರಿಯುವ ಸದ್ದು. ಈ ಸಲ ಪೊರಕೆಯಲ್ಲ.

“ಕೇಳಿಸ್ತಿದೆಯಾ ರೀ?”

“ಕೇಳಿಸ್ತಿದೆ.”

“ಸೂರ್ಯ ಮುಳುಗ್ತಿದ್ದಾನೆ. ನೀರು ಕಾಲಿನ ತನಕ ಬಂದು ಹೋಗ್ತಿದೆ. ಇಷ್ಟು ದೊಡ್ಡದು ಅಂತ ನೀವು ಹೇಳೇ ಇರ್ಲಿಲ್ಲ.”

“ಬೋರ್ಡ್ ಮೇಲೆ ಅಷ್ಟು ಹಿಡಿಸಲ್ಲ ಗೋದಾ.”

ಅವಳು ನಕ್ಕಳು. ಸ್ವಲ್ಪ ಹೊತ್ತು ನಮ್ಮಿಬ್ಬರ ನಡುವೆ ಬರೀ ಕಡಲು. ಕೊನೆಗೆ ಬಹಳ ಮೆತ್ತಗೆ ಹೇಳಿದಳು.

“ನೀವು ಇಲ್ಲಿರಬೇಕಿತ್ತು ರೀ.”

ನನ್ನ ಕಣ್ಣು ತುಂಬಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೃದುವಾಗಿ ನನ್ನನ್ನು ಬೇಡಿದ್ದೇ ಇಲ್ಲ. “ಗೋದಾ, ನನಗೂ ಅದೇ ಅನಿಸ್ತಿದೆ ಕಣೇ,” ಎಂದೆ.

“ಹೂಂ,” ಎಂದಳು. “ನಾರಾಯಣಪ್ಪನವರು ನೀರಿನ ಹತ್ರ ಇಳಿಸೋಕೆ ಹೋಗಿ ಗಾಡಿ ಮರಳಲ್ಲಿ ಹೂತುಕೊಂಡಿದೆ. ಇಲ್ಲಿ ಯಾರಿಗೂ ನಿಮ್ಮಷ್ಟು ತಳ್ಳಿ ಅಭ್ಯಾಸ ಇಲ್ಲ.”