ಹನ್ನೊಂದು ಹೆಸರು ಮತ್ತು ಇತರರು

ಮೂವತ್ತು ವರ್ಷ ಹಾಸನದಲ್ಲಿ ವರದಿಗಾರನಾಗಿ ದುಡಿದ ನಾನು ಅತಿ ಹೆಚ್ಚು ಸಲ ಬರೆದ ಹೆಸರು ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಲ್ಲೆ: ಇತರರು. ಮಂತ್ರಿಗಳು ಬದಲಾದರು, ಅಧಿಕಾರಿಗಳು ವರ್ಗವಾದರು, ಸಂಘದ ಅಧ್ಯಕ್ಷರು ಅವಿಶ್ವಾಸದಲ್ಲಿ ಇಳಿದರು. ಇತರರು ಮಾತ್ರ ಒಂದು ಕಾರ್ಯಕ್ರಮವನ್ನೂ ತಪ್ಪಿಸಿಕೊಂಡವರಲ್ಲ. ಹಾಸನದಲ್ಲಿ ಬೆಳಿಗ್ಗೆ ಶಂಕುಸ್ಥಾಪನೆ ಇರಲಿ, ಅದೇ ಹೊತ್ತಿಗೆ ಅರಕಲಗೂಡಿನಲ್ಲಿ ಕಟ್ಟಡದ ಉದ್ಘಾಟನೆ, ಹೊಳೆನರಸೀಪುರದಲ್ಲಿ ಪೂರ್ವಭಾವಿ ಸಭೆ ಇರಲಿ, ಮೂರೂ ಕಡೆ ಇದ್ದರು. ಹಾರ ಕೇಳುತ್ತಿರಲಿಲ್ಲ, ಮೈಕು ಕೇಳುತ್ತಿರಲಿಲ್ಲ, ಹೆಸರು ಬಿಟ್ಟುಹೋಗಿದೆ ಎಂದು ಮರುದಿನ ಫೋನ್ ಮಾಡಿ ಬೈಯುತ್ತಿರಲಿಲ್ಲ. ವರದಿಯ ಕೊನೆಗೆ ‘ಇತರರು ಇದ್ದರು’ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದರೆ ಆ ದಿನದ ಕೆಲಸ ಮುಗಿಯಿತು. ಅವರಿಗೂ ಒಂದು ಮುಖ, ಒಂದು ಊರು, ಒಬ್ಬ ಅಣ್ಣ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆ ಅಣ್ಣ ಒಂದು ದಿನ ನನ್ನ ಮನೆ ಬಾಗಿಲಿಗೆ ಬಂದ.

ಅದಕ್ಕೆ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನಗಾದ ಅವಮಾನದ ತೂಕ ನಿಮಗೆ ತಿಳಿಯುವುದಿಲ್ಲ. ನಾನು ನಿಖರತೆಯ ಮನುಷ್ಯ. ವೇದಿಕೆಯಲ್ಲಿ ಕುಳಿತವರ ಇನಿಷಿಯಲ್ಲುಗಳನ್ನು ಎರಡು ಸಲ ಕೇಳಿ ಬರೆದುಕೊಳ್ಳುತ್ತಿದ್ದವನು. ವಿಶೇಷಣ ಕಂಡರೆ ನನಗೆ ಅಕ್ಕಿಯಲ್ಲಿ ಕಲ್ಲು ಕಂಡಂತೆ. ಮದುವೆಯ ಆಮಂತ್ರಣ ಪತ್ರಿಕೆ ಬಂದರೂ ‘ಅದ್ಧೂರಿ’, ‘ಮಂಗಳಕರ’ ಎಂಬ ಪದಗಳಿಗೆ ಕೆಂಪು ಗೀಟು ಹಾಕಿಯೇ ದಿನಾಂಕ ನೋಡುತ್ತೇನೆ. ನಿವೃತ್ತನಾದ ಮೇಲೆ ಈ ಅಭ್ಯಾಸಕ್ಕೆ ಬೇರೆ ಮೇವು ಸಿಗದೆ ನನ್ನ ಹೆಂಡತಿ ಸಾವಿತ್ರಿಯ ಮಾತಿಗೇ ಕತ್ತರಿ ಹಾಕಲು ಹೋಗಿ, ಮೂರು ದಿನ ಉಪ್ಪಿಲ್ಲದ ಸಾರು ಉಂಡಿದ್ದೂ ಉಂಟು. ‘ಉಪ್ಪೂ ವಿಶೇಷಣವೇ ಅಲ್ಲವೆ’ ಎಂದಿದ್ದಳು.

ಬಂದವನ ಹೆಸರು ಚಂದ್ರಯ್ಯ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವನು, ಎರಡು ಎಕರೆಯಲ್ಲಿ ಆಲೂಗಡ್ಡೆ, ಶುಂಠಿ ಬೆಳೆಯುತ್ತಾನೆ. ಬಸ್ ನಿಲ್ದಾಣದ ಪೇಪರ್ ಏಜೆಂಟನನ್ನು ವಿಚಾರಿಸಿಕೊಂಡು ನನ್ನನ್ನು ಹುಡುಕಿದ್ದ. ಕಂಕುಳಲ್ಲಿ ಲ್ಯಾಮಿನೇಟ್ ಮಾಡಿಸಿದ ಪೇಪರ್ ತುಂಡೊಂದಿತ್ತು.

“ಸಾ, ಪಟ್ಣದಲ್ಲಿ ಆಲೂಗೆಡ್ಡೆ ಬೆಳೆಗಾರರ ಸಮಾವೇಶ ಆಯ್ತಲ್ಲ, ಅದನ್ನ ಬರ್ದೋರು ನೀವೇ ಅಲ್ವಾ?” ಎಂದ. ಪಟ್ಣ ಎಂದರೆ ಚನ್ನರಾಯಪಟ್ಟಣ. ನಾನೇ ಎಂದೆ. “ಅಂಗಾದ್ರೆ ನಮ್ ಸುಜಾತನ್ ಕೆಲ್ಸ ಆಯ್ತು ಬುಡಿ” ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

ಸುಜಾತ ಅವನ ತಂಗಿ, ಡಾಕ್ಟರ್ ಸುಜಾತ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಅಲ್ಲೇ ಕಾಯಂ ಆಗಿ ನೆಲೆಸಿ ಕೆಲಸ ಮಾಡಲು ಒಂದು ಕಾರ್ಡು ಬೇಕು. ನಮ್ಮವರು ಎಲ್ಲರ ಜೊತೆ ಸಾಲಿನಲ್ಲಿ ನಿಂತರೆ ಸರದಿ ಬರುವ ಹೊತ್ತಿಗೆ ನಿವೃತ್ತಿ ಬಂದಿರುತ್ತದಂತೆ. ಬೇಗ ಸಿಗಬೇಕಾದರೆ ತಾನು ಅಸಾಧಾರಣ ಸಾಮರ್ಥ್ಯದವಳೆಂದು ದಾಖಲೆ ಸಮೇತ ತೋರಿಸಬೇಕು. ಅರ್ಜಿ ಹಾಕಿದ್ದಳು. ಇನ್ನಷ್ಟು ಸಾಕ್ಷ್ಯ ಬೇಕೆಂದು ಅಲ್ಲಿನ ವಲಸೆ ಕಚೇರಿಯಿಂದ ಪತ್ರ ಬಂದಿತ್ತು: ನಿಮ್ಮ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹ ಇದ್ದರೆ ಕೊಡಿ, ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಸಮೇತ. ಆರು ವಾರದೊಳಗೆ ಉತ್ತರ ಸೇರದಿದ್ದರೆ ಅರ್ಜಿ ವಜಾ. ಆಗ ಈ ವರ್ಷವೇ ಕೆಲಸ ಬಿಡಬೇಕು, ಮೂರು ವರ್ಷದ ಪ್ರಯೋಗ ಅರ್ಧಕ್ಕೆ ನಿಲ್ಲುತ್ತದೆ. ಊರಿಗೆ ಬಂದಿದ್ದಾಗ ಅವಳು ಆ ಸಮಾವೇಶದಲ್ಲಿ ಮಾತಾಡಿದ್ದಳು, ಅದರ ವರದಿಯಲ್ಲಿ ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಇತ್ತು. ಆ ಪ್ರತಿನಿಧಿ ನಾನೇ ಎಂದು ನಾನು ಸಹಿ ಹಾಕಿದರೆ ಸಾಕು.

ನಾನು ಸಹಿ ಹಾಕಬೇಕಾದ ಪತ್ರವನ್ನೂ ಅವಳ ವಕೀಲರು ಸಿದ್ಧ ಮಾಡಿ ಕಳಿಸಿದ್ದರು. ನಾಲ್ಕು ಪುಟ. ಓದುತ್ತಾ ಹೋದಂತೆ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕಿತು. ‘ಜಗದ್ವಿಖ್ಯಾತ’ ಹೊಡೆದೆ. ‘ಅಪ್ರತಿಮ’ ಹೊಡೆದೆ. ‘ರೈತಕುಲದ ಆಶಾಕಿರಣ’ ಎಂಬಲ್ಲಿ ಎರಡೂ ಪದ ಹೊಡೆದೆ. ‘ಅಸಾಧಾರಣ’ದ ಮೇಲೆ ಪೆನ್ನು ಇಟ್ಟಾಗ ಚಂದ್ರಯ್ಯ ನನ್ನ ಮಣಿಕಟ್ಟು ಹಿಡಿದುಕೊಂಡ. “ಸಾ, ಅದೊಂದ ಒಡೀಬ್ಯಾಡಿ! ಆ ಕಾರ್ಡಿನ ಎಸ್ರೇ ಅದು!”

ಸರಿ, ಅದನ್ನು ಉಳಿಸಿ ಲ್ಯಾಮಿನೇಟ್ ತುಂಡನ್ನು ಕೈಗೆ ತೆಗೆದುಕೊಂಡೆ. ಶೀರ್ಷಿಕೆ: ‘ರೈತರು ವೈಜ್ಞಾನಿಕ ಕೃಷಿ ಅಳವಡಿಸಿಕೊಳ್ಳಲಿ’. ಹಾಗೆಂದವರು ಹೊಳೆನರಸೀಪುರದ ಸಂಘವೊಂದರ ಮಾಜಿ ಅಧ್ಯಕ್ಷರು. ಅವರ ಭಾಷಣ ಎರಡು ಪ್ಯಾರಾ. ಆಮೇಲೆ ವೇದಿಕೆಯಲ್ಲಿದ್ದವರ ಹೆಸರು, ಒಟ್ಟು ಹನ್ನೊಂದು, ಎಲ್ಲವೂ ಇನಿಷಿಯಲ್ ಸಮೇತ, ಹುದ್ದೆ ಸಮೇತ, ಒಂದೂ ತಪ್ಪಿಲ್ಲ. ಕೊನೆಗೆ: ಇತರರು ಇದ್ದರು. ಮತ್ತೆ ಮೊದಲಿಂದ ಓದಿದೆ. ಹಿಂಬದಿ ತಿರುಗಿಸಿದೆ. ಅಲ್ಲಿ ಟೈರಿನ ಜಾಹೀರಾತಿತ್ತು. ಡಾಕ್ಟರ್ ಸುಜಾತ ಎಲ್ಲೂ ಇರಲಿಲ್ಲ.

“ಚಂದ್ರಯ್ಯ, ಇದನ್ನ ಓದಿದ್ದೀಯಾ?”

“ಫೋಟೋ ಐತಲ್ಲ ಸಾ” ಎಂದ.

ಫೋಟೋ ಇತ್ತು. ಹನ್ನೊಂದು ಜನ ಸೇರಿ ಒಂದು ಶಾಲು ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿದ್ದರು. ಶಾಲು ಹೊದಿಸಿಕೊಳ್ಳುತ್ತಿದ್ದವಳು ಅವರ ಮಧ್ಯೆ ಎಲ್ಲೋ ಇದ್ದಳು. ಮೇಲಿಂದ ಮೈಸೂರು ಪೇಟ ಕಣ್ಣು ಮುಚ್ಚುವಷ್ಟು ಇಳಿದಿತ್ತು, ಕೆಳಗಿಂದ ಹಣ್ಣಿನ ಬುಟ್ಟಿ ತುಟಿಯವರೆಗೂ ಏರಿತ್ತು. ನಡುವೆ ಕಂಡದ್ದು ಒಂದು ಮೂಗು. ಆ ಮೂಗು ಅಸಾಧಾರಣವಾಗಿಯೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ವರದಿಗಾರರೆಲ್ಲ ಮಾಡುವುದನ್ನೇ ನಾನೂ ಮಾಡಿದೆ: ಡೆಸ್ಕಿನವರ ಮೇಲೆ ಹೊರಿಸಿದೆ. ನಾನು ಬರೆದಿದ್ದೆ, ಜಾಗವಿಲ್ಲವೆಂದು ಅವರು ಕತ್ತರಿಸಿದ್ದಾರೆ, ಬೇಕಾದರೆ ನನ್ನ ಟಿಪ್ಪಣಿ ಪುಸ್ತಕ ನೋಡು ಎಂದು ಕಬ್ಬಿಣದ ಪೆಟ್ಟಿಗೆ ತೆರೆದೆ. ನನ್ನ ಎಲ್ಲ ಟಿಪ್ಪಣಿ ಪುಸ್ತಕಗಳೂ ದಿನಾಂಕದ ಪ್ರಕಾರ ಅದರಲ್ಲಿವೆ. ಆ ಪುಟ ಸಿಕ್ಕಿತು. ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಖಚಿತಪಡಿಸಿಕೊಂಡ ಗುರುತು. ಅದರ ಕೆಳಗೆ ನನ್ನದೇ ಕೈಬರಹದಲ್ಲಿ: ‘ಒಬ್ಬ ಹೆಣ್ಣುಮಗಳು. ಆಲೂಗಡ್ಡೆ ರೋಗ. ಚೆನ್ನಾಗಿ ಮಾತಾಡಿದರು. ಬಸ್ 1.40.’

ಸಾವಿತ್ರಿ ಕಾಫಿ ತಂದವಳು ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದಳು. “ಸದ್ಯ, ನಮ್ಮ ಮದುವೆಯ ಸುದ್ದಿ ನೀವು ಬರೆಯಲಿಲ್ಲ” ಎಂದಳು. “ಪುರೋಹಿತರ ಇನಿಷಿಯಲ್ ಇರುತ್ತಿತ್ತು. ನಾನು ಇತರರಲ್ಲಿ ಇರುತ್ತಿದ್ದೆ.”

ಚಂದ್ರಯ್ಯ ನಗಲಿಲ್ಲ. ಲ್ಯಾಮಿನೇಟ್ ತುಂಡನ್ನು ವಾಪಸ್ ತೆಗೆದುಕೊಂಡು ಅಂಗಿಯ ತುದಿಯಿಂದ ಒರೆಸಿದ. “ಓಗ್ಲಿ ಬುಡಿ ಸಾ, ನಾವು ಇತರರಲ್ಲಿ ಇರೋದು ಒಸದೇನಲ್ಲ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಉತ್ತರ ಕೊಡಬಹುದಿತ್ತು. ಆ ಗೋಡೆ ಈ ಗೋಡೆ ನೋಡಿದೆ. ನನಗೆ ಸಿಕ್ಕ ಪ್ರಶಸ್ತಿ ಫಲಕ ಒಂದರಲ್ಲಿ ನೇತಾಡುತ್ತಿತ್ತು, ಸಮಗ್ರ ವರದಿಗಾರಿಕೆಗಾಗಿ.

ಚಂದ್ರಯ್ಯ ಅಲ್ಲಿಂದಲೇ ಸುಜಾತಳಿಗೆ ಫೋನ್ ಹಚ್ಚಿದ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. “ನೀವು ಎದ್ದು ಹೋಗಿದ್ದು ನನಗೆ ನೆನಪಿದೆ ಸರ್” ಎಂದಳು. “ನಾನಿನ್ನೂ ಎರಡನೇ ಪಾಯಿಂಟಿನಲ್ಲಿದ್ದೆ. ಪೇಪರಲ್ಲಿ ಬಂದಿದೆ ಅಂತ ಅಣ್ಣ ಹೇಳಿದ, ಏನು ಬಂದಿದೆ ಅಂತ ನಾನೂ ಕೇಳಲಿಲ್ಲ.” ಈಗಲೇ ಒಂದು ಒಳ್ಳೆಯ ಲೇಖನ ಬರೆದು ಯಾವುದಾದರೂ ಪತ್ರಿಕೆಗೆ ಹಾಕಿಸುತ್ತೇನೆ ಎಂದೆ. ಅರ್ಜಿ ಹಾಕಿದ ಮೇಲೆ ಹುಟ್ಟಿದ ಲೇಖನ ಲೆಕ್ಕಕ್ಕಿಲ್ಲವಂತೆ. ಆದರೆ ಇನ್ನೊಂದು ದಾರಿ ಇದೆ ಎಂದಳು. ಅವಳ ಕೆಲಸದಿಂದ ಅರ್ಜಿಗೆ ಮೊದಲೇ ಯಾರಿಗಾದರೂ ನಿಜವಾಗಿ ಉಪಯೋಗವಾಗಿದ್ದರೆ ಅವರೇ ಬರೆದುಕೊಡಬಹುದು. ಅಂದಿನ ಭಾಷಣದ ಮೂರನೇ ಪಾಯಿಂಟು ಅದೇ ಆಗಿತ್ತು. ಮೋಡ, ತೇವ, ತಂಪು ನೋಡಿ ಅಂಗಮಾರಿ ಯಾವಾಗ ಬೀಳುತ್ತದೆಂದು ಮೊದಲೇ ಅಂದಾಜು ಮಾಡಿ, ಇಂಥ ದಿನ ಔಷಧಿ ಹೊಡೆಯಿರಿ, ಇಂಥ ದಿನ ಬೇಡ ಎಂದು ಫೋನಿಗೆ ಸಂದೇಶ ಕಳಿಸುವುದು. ಸಭೆಯಲ್ಲಿ ನಂಬರ್ ಬರೆಸಿದ್ದ ಅರಕಲಗೂಡಿನ ರೈತರಿಗೆ ಅವಳು ಮೂರು ಹಂಗಾಮಿನಿಂದ ಸಂದೇಶ ಕಳಿಸುತ್ತಿದ್ದಳು. ನನ್ನ ಬಸ್ಸು ಮಾತ್ರ ಎರಡನೇ ಪಾಯಿಂಟಿಗೇ ಬಂದಿತ್ತು.

ಮರುದಿನದಿಂದ ನಾನು ಚಂದ್ರಯ್ಯನ ಬೈಕಿನ ಹಿಂಬದಿ ಸವಾರ. ಮೊದಲು ಹೊಳೆನರಸೀಪುರ, ಮಾಜಿ ಅಧ್ಯಕ್ಷರ ಮನೆ. ಅಂದು ವೇದಿಕೆಯಲ್ಲಿದ್ದ ಹನ್ನೊಂದು ಜನರನ್ನೂ ಅವರು ಕುಳಿತ ಸಾಲಿನ ಪ್ರಕಾರ ಹೇಳಿದರು. “ಸನ್ಮಾನ ಯಾರಿಗೆ ಮಾಡಿದಿರಿ?” ಎಂದರೆ, “ಯಾರೋ ಒಬ್ಬರಿಗೆ ಮಾಡಿದ್ವಿ, ಚೆನ್ನಾಗಿ ಆಯ್ತು” ಎಂದರು. ವಿಷಯ ಕೇಳಿ ಹಿಗ್ಗಿ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟರು. ಅವರ ಹಾಲಿ ಮತ್ತು ಮಾಜಿ ಹುದ್ದೆಗಳೇ ಅರ್ಧ ಪುಟ ಹಿಡಿದವು, ಸುಜಾತಳಿಗೆ ಒಂದೂವರೆ ಸಾಲು ಸಿಕ್ಕಿತು. ನನಗಿಂತ ಒಂದೂವರೆ ಸಾಲು ಉತ್ತಮರು.

ಅರಕಲಗೂಡು ಕಡೆಯ ಜವರೇಗೌಡರು ಹೊಲದ ಬದುವಿನಲ್ಲಿ ಸಿಕ್ಕರು. ಚಂದ್ರಯ್ಯನ ಪಕ್ಕದ ಊರಿನವರು, ಹತ್ತು ಎಕರೆಯ ಆಸಾಮಿ. ಡಾಕ್ಟರ್ ಸುಜಾತ ಹೇಗೆ ಎಂದು ನಾನು ಪುಸ್ತಕ ತೆಗೆದು ಕೇಳಿದ್ದೇ ತಡ, “ಒಳ್ಳೆ ಎಣ್ಮಗಳು ಸಾಮಿ, ತಲೆ ಎತ್ತಿ ಮಾತಾಡ್ದೋಳಲ್ಲ. ನೀವು ಗಂಡಿನ್ ಕಡೆಯೋರಾ?” ಎಂದರು.

“ಸಂಬಂಧದ್ದಲ್ಲ ಗೌಡ್ರೆ, ಇದು ಅಮೇರಿಕಾ ಗೌರ್ಮೆಂಟಿಂದು” ಎಂದ ಚಂದ್ರಯ್ಯ.

“ಅಮೇರಿಕಾದೋರು ನನ್ನ ಕೇಳ್ತಾವ್ರೇನ್ಲಾ?” ಎಂದು ಗೌಡರು ನೇರ ಮನೆಗೆ ನಡೆದರು. ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು. “ಬರ್ಕಳಿ. ಮೊದ್ಲು ನಾನು ವಾರ ವಾರ ಔಸ್ದಿ ಒಡೀತಿದ್ದೆ. ಆದ್ರೂ ಎರಡ್ ವರ್ಸ ಗಿಡ ಕರ‍್ರಗಾಗಿ ಒಂಟೋಯ್ತು. ಈಗ ಆವಮ್ಮನ್ ಮೆಸೇಜು ಬರೋಗಂಟ ಟ್ಯಾಂಕು ಬೆನ್ನಿಗಾಕಲ್ಲ. ಮೂರ್ ಬೆಳೆ ಉಳ್ಕಂಡೈತೆ.” ಸ್ವಲ್ಪ ತಡೆದು, “ಮೋಡ ನೋಡೋ ಬುದ್ಧಿ ನಂಗೂ ಇತ್ತು ಅಂತ ಒಂದ್ ಮಾತ್ ಸೇರ್ಸಿ” ಎಂದರು. ಸೇರಿಸಿದೆ. ಅವರು ಹೇಳಿದ ಒಂದು ಪದವನ್ನೂ ಹೊಡೆಯಲಿಲ್ಲ. ಹೊಡೆಯಲು ಅಲ್ಲಿ ವಿಶೇಷಣವೇ ಇರಲಿಲ್ಲ.

ರಾಮನಾಥಪುರದ ದಾರಿಯವರೆಗೂ ಸುತ್ತಿ ಒಂಬತ್ತು ಜನ ರೈತರ ಹೇಳಿಕೆ ಕೂಡಿಸಿದೆವು. ಹತ್ತನೆಯದು ನನ್ನದು. ವಕೀಲರ ನಾಲ್ಕು ಪುಟ ಪಕ್ಕಕ್ಕಿಟ್ಟು ಐದು ಸಾಲು ಬರೆದೆ: ‘ಸದರಿ ಸಮಾವೇಶದಲ್ಲಿ ಡಾ. ಸುಜಾತ ಮಾತನಾಡಿದರು. ಅದನ್ನು ವರದಿ ಮಾಡಿದವನು ನಾನು. ಅವರ ಹೆಸರನ್ನು ಬಿಟ್ಟವನೂ ನಾನೇ. ವರದಿಯ ಕೊನೆಯಲ್ಲಿರುವ ಇತರರು ಎಂಬಲ್ಲಿ ಅವರು ಇದ್ದಾರೆ. ಟಿಪ್ಪಣಿ ಪುಸ್ತಕದ ಪುಟವನ್ನು ಲಗತ್ತಿಸಿದೆ.’ ಸಾವಿತ್ರಿ ಓದಿ, “ಮೂವತ್ತು ವರ್ಷದಲ್ಲಿ ಇದೊಂದು ಪೂರ್ತಿ ವರದಿ” ಎಂದಳು. ಆ ಪುಟವನ್ನು ಅಲ್ಲಿನ ನಿಯಮದಂತೆ ಅಕ್ಷರಶಃ ಅನುವಾದ ಮಾಡಿಸಬೇಕಿತ್ತು. ಹಾಗಾಗಿ ಚನ್ನರಾಯಪಟ್ಟಣದಿಂದ ಹಾಸನಕ್ಕೆ 1.40ಕ್ಕೆ ಒಂದು ಬಸ್ಸಿದೆ ಎಂಬುದು ಈಗ ಅಮೆರಿಕ ಸರ್ಕಾರದ ಕಡತದಲ್ಲಿಯೂ ದಾಖಲಾಗಿದೆ.

ಗಡುವಿಗೆ ನಾಲ್ಕು ದಿನ ಮೊದಲು ಕಾಗದಗಳು ತಲುಪಿದವು. ಆಮೇಲಿನ ದಿನಗಳಲ್ಲಿ ಫೋನ್ ಸದ್ದಾದರೆ ಸಾಕು, ನಾನು ಚಪ್ಪಲಿ ಹುಡುಕುತ್ತಿದ್ದೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಿದ್ದರೂ. ಒಂದು ಸಂಜೆ ಚಂದ್ರಯ್ಯ ಫೋನ್ ಮಾಡದೆ ನೇರ ಬಂದ. ಕೈಯಲ್ಲಿ ಅರ್ಧ ಚೀಲ ಆಲೂಗಡ್ಡೆ. “ಮಂಜೂರಾಯ್ತು ಸಾ” ಎಂದವನೇ ಚೀಲವನ್ನು ಸೋಫಾದ ಮೇಲೆ ಇಟ್ಟುಬಿಟ್ಟ. ಸಾವಿತ್ರಿ ಕಾಫಿಗೆ ನೀರಿಟ್ಟಳು. ಬೇರೆ ದಿನವಾಗಿದ್ದರೆ ಮೊದಲು ಚೀಲ ಕೆಳಗಿಳಿಸು ಅನ್ನುತ್ತಿದ್ದಳು.

ಸುಜಾತ ನನಗಾಗಿ ಸಾಕ್ಷ್ಯಗಳ ಪಟ್ಟಿಯ ಪ್ರತಿಯನ್ನೂ ಅಣ್ಣನ ಫೋನಿಗೆ ಕಳಿಸಿದ್ದಳು. ಕನ್ನಡಕ ಹಾಕಿಕೊಂಡು ಕುಳಿತೆ. ನಾಲ್ಕು ದೇಶಗಳ ಪ್ರಾಧ್ಯಾಪಕರ ಪತ್ರಗಳು, ಒಬ್ಬೊಬ್ಬರದೂ ಹೆಸರು, ಹುದ್ದೆ ಸಮೇತ. ಆಮೇಲೆ ಒಂಬತ್ತು ರೈತರು, ಒಂಬತ್ತಕ್ಕೂ ಪ್ರತ್ಯೇಕ ಸಂಖ್ಯೆ. ಜವರೇಗೌಡರ ಹೆಸರು ಇನಿಷಿಯಲ್ ಸಮೇತ ಸರಿಯಾಗಿತ್ತು, ನೋಡಿ ಖುಷಿಯಾಯಿತು. ಮಾಜಿ ಅಧ್ಯಕ್ಷರೂ ಇದ್ದರು. ನಾನು ಕೆಳಗೆ ಜಾರಿಸಿದೆ, ಮೇಲಕ್ಕೆ ಜಾರಿಸಿದೆ, ಮತ್ತೆ ಕೆಳಗೆ.

“ನಿಮ್ಮೆಸ್ರು ಎಲ್ಲೈತೆ ಸಾ?” ಎಂದ ಚಂದ್ರಯ್ಯ, ಪಕ್ಕದಲ್ಲಿ ಬಗ್ಗಿ.

ಪಟ್ಟಿಯ ಕಟ್ಟಕಡೆಯ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದೆ: ಹಾಗೂ ಇತರ ದಾಖಲೆಗಳು.

ನನ್ನ ಮನೆಗೆ ಬಂದಾಗಿನಿಂದ ಚಂದ್ರಯ್ಯ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು ಸೋಫಾದ ಮೇಲಿನ ಆಲೂಗಡ್ಡೆ ಚೀಲವನ್ನು ಆಚೆ ಸರಿಸಿ ಜಾಗ ಮಾಡಿದ. “ಬನ್ನಿ ಸಾ, ಇಂಗ್ ಬಂದ್ ಕೂತ್ಕಳಿ” ಎಂದ. “ಈಗ ನೀವೂ ನಮ್ ಕಡೆಯೋರೇ.”

ಹೋಗಿ ಕುಳಿತೆ. ಪಟ್ಟಿಯಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.